ಅವಳ ಬದಲಿಗೆ

ತನ್ನದೇ ಮನೆಗೆ ಹಿಂಬಾಗಿಲಿನಿಂದ ಕಳ್ಳಿಯ ಹಾಗೆ ನುಗ್ಗಬೇಕೆಂಬ ಯೋಚನೆ ಅವಳಿಗೆ ಬಂದದ್ದು ಗಿರಣಿಯಲ್ಲಿ, ದೀಪದ ಮೇಜಿನ ಮುಂದೆ ಕೂತಿದ್ದಾಗ. ಮೇಜಿಗೆ ಗಾಜಿನ ಮೈ, ಗಾಜಿನ ಕೆಳಗೆ ಬಿಳಿ ದೀಪಗಳು. ನೇಯ್ದು ಬಂದ ಬಟ್ಟೆ ಅದರ ಮೇಲೆ ನಿಧಾನವಾಗಿ ಜಾರುತ್ತ ಹೋಗುತ್ತದೆ, ಅವಳು ಕುಂದು ಹುಡುಕುತ್ತ ಕೂರಬೇಕು. ಎಳೆ ತಪ್ಪಿದ ಕಡೆ, ಗಂಟು ಉಳಿದ ಕಡೆ, ಎಣ್ಣೆ ಸಿಡಿದ ಕಡೆ ಸೀಮೆಸುಣ್ಣದ ಗುರುತು. ಒಳ್ಳೆಯ ಬಟ್ಟೆ ಹೇಗಿರುತ್ತದೆಂದು ಯಾರಾದರೂ ಕೇಳಿದ್ದರೆ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅದು ಕಣ್ಣ ಕೆಳಗೆ ಸುಮ್ಮನೆ ದಾಟಿಹೋಗುವಂಥದ್ದು. ಆ ಬೆಳಿಗ್ಗೆಯೂ ಬಟ್ಟೆ ದಾಟುತ್ತಿತ್ತು, ಅವಳ ತಲೆಯಲ್ಲಿ ಮಾತ್ರ ನರ್ಸಮ್ಮ ಕೂತಿದ್ದಳು. ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ಆಸ್ಪತ್ರೆಯವರು ಅಪ್ಪನನ್ನು ಕಳಿಸಿಕೊಟ್ಟ ಮೇಲೆ, ಹಗಲು ಹೊತ್ತು ನೋಡಿಕೊಳ್ಳಲು ಅಣ್ಣ ಗೊತ್ತುಮಾಡಿದ ಹೆಂಗಸು. ಬಂದಾಗಿನಿಂದ ಅವಳಲ್ಲಿ ಒಂದು ಕುಂದೂ ಸಿಕ್ಕಿರಲಿಲ್ಲ. ಸಿಕ್ಕದಿರುವುದೇ ಕುಂದು ಎಂದು ಹೊಳೆದ ಗಳಿಗೆಯಲ್ಲಿ ಒಂದು ದೊಡ್ಡ ಎಣ್ಣೆಕಲೆ ಗುರುತಿಲ್ಲದೆ ಅವಳ ಮುಂದೆಯೇ ಜಾರಿಹೋಯಿತು. ಎದ್ದು ಮೇಸ್ತ್ರಿಯ ಹತ್ತಿರ ಹೋಗಿ ಕೆನ್ನೆ ಹಿಡಿದುಕೊಂಡು ಹಲ್ಲುನೋವು ಎಂದಳು. ಮೇಸ್ತ್ರಿ ಅವಳನ್ನು ನೋಡಲೂ ಇಲ್ಲ. "ಕೀಳಿಸಿಬಿಡಮ್ಮ. ಇಟ್ಕೊಂಡ್ರೆ ಅದಕ್ಕೂ ಗುರುತು ಹಾಕ್ತಾ ಕೂತಿರ್ತೀಯ." ಪಕ್ಕದ ಮೇಜಿನವರು ನಕ್ಕರು. ಅವಳೂ ನಕ್ಕಳು, ನಕ್ಕದ್ದರಿಂದ ಸುಳ್ಳು ಗೊತ್ತಾಗಿರಬೇಕೆಂದು ಗೇಟು ದಾಟುವವರೆಗೂ ಕೆನ್ನೆಯಿಂದ ಕೈ ತೆಗೆಯಲಿಲ್ಲ. ಗೇಟು ದಾಟಿ, ರಸ್ತೆ ತಿರುಗಿ, ಅಂಗಡಿಯ ಗಾಜಿನಲ್ಲಿ ತನ್ನನ್ನು ನೋಡಿಕೊಂಡಾಗಲೂ ಕೈ ಅಲ್ಲೇ ಇತ್ತು.

ಅಪ್ಪ ಯಾರನ್ನೂ ನಂಬಿದವನಲ್ಲ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದವನು. ನಿಲ್ದಾಣವಲ್ಲದ ಕಡೆ ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿ ಹತ್ತುವವನು. ಮನೆಯಲ್ಲೂ ಅಷ್ಟೇ, ಎಲ್ಲಿಂದ ಯಾವಾಗ ಹತ್ತಿ ಬರುತ್ತಾನೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಲಿನವನನ್ನು ನಂಬುತ್ತಿರಲಿಲ್ಲ, ಡಾಕ್ಟರನ್ನು ನಂಬುತ್ತಿರಲಿಲ್ಲ, ಗುಳಿಗೆಯ ಹೆಸರನ್ನು ಕನ್ನಡಕ ಹಾಕಿಕೊಂಡು ತಾನೇ ಓದಿದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅಂಥವನು ಈಗ ನರ್ಸಮ್ಮ ಚಮಚ ಎತ್ತಿದರೆ ಸಾಕು, ಗೂಡಿನ ಮರಿಯ ಹಾಗೆ ಬಾಯಿ ತೆರೆಯುತ್ತಾನೆ. ಅವಳಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ದಪ್ಪ ಮೈಯ, ನಡುವಯಸ್ಸಿನ ಹೆಂಗಸು ಈ ನರ್ಸಮ್ಮ, ಮುಟ್ಟುವುದಕ್ಕೆ ಮುಂಚೆ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ, ಏನು ಮಾಡಿದರೂ ಮೊದಲು ಹೇಳುತ್ತಾಳೆ: "ಅಪ್ಪ, ಈಗ ನಿಮ್ಮನ್ನ ಕಿಟಕಿ ಕಡೆ ತಿರುಗಿಸ್ತೀನಿ. ಕಾಗೆ ಬಂದಿದೆ, ನೋಡೋರಂತೆ." ಅಪ್ಪ ಅಂತೆ. ಹೋದ ಮನೆಯಲ್ಲೆಲ್ಲ ಒಬ್ಬ ಅಪ್ಪ ಇರುತ್ತಾನೇನೋ ಇವಳಿಗೆ. ಅವಳು ದಿನಾ ಸಂಜೆ ಗಿರಣಿಯಿಂದ ಬಂದವಳೇ ನೋವಿನ ಔಷಧಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಇಳಿದಿದೆ ಎಂದು ನೋಡುತ್ತಿದ್ದಳು, ಹಾಸಿಗೆಯ ಬಟ್ಟೆ ಮೂಸುತ್ತಿದ್ದಳು, ಅಪ್ಪನ ಬೆನ್ನಿನಲ್ಲಿ ಹುಣ್ಣು ಹುಡುಕುತ್ತಿದ್ದಳು. ಬೆನ್ನು ಪುಡಿ ಹಚ್ಚಿ ಮಗುವಿನ ಬೆನ್ನಿನ ಹಾಗಿರುತ್ತಿತ್ತು. ಹುಣ್ಣು ಸಿಕ್ಕಿದ್ದರೆ ಸಂತೋಷಪಡುತ್ತಿದ್ದೆನೇ ಎಂದು ಒಮ್ಮೆ ಕೇಳಿಕೊಂಡು, ಉತ್ತರ ಬರುವ ಮುಂಚೆ ಕೋಣೆಯಿಂದ ಎದ್ದು ಹೋಗಿದ್ದಳು. ಅತ್ತಿಗೆ ಎಲ್ಲ ನೋಡಿ ಸುಮ್ಮನಿರುವವಳಲ್ಲ. "ನಿಮ್ಮಪ್ಪನ ಬುದ್ಧಿ ಪೂರ್ತಿ ನಿಂಗೇ ಬಂದಿದೆ ಕಣೇ. ಯಮ ಬಾಗ್ಲಿಗೆ ಬಂದ್ರೂ ಟಿಕೆಟ್ ಎಲ್ಲಿ ಅಂತ ಕೇಳ್ತೀಯ ನೀನು."

ಟಿಕೆಟ್ ಎಂಬ ಮಾತು ಅವಳಿಗೆ ಈಗಲೂ ಚುಚ್ಚುತ್ತದೆ ಎಂದು ಅತ್ತಿಗೆಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೇ ಹೇಳಿದಳೋ. ರಸ್ತೆಯಲ್ಲಿ ಬಸ್ಸೊಂದು ಹೊಗೆ ಬಿಟ್ಟುಕೊಂಡು ಪಕ್ಕಕ್ಕೇ ಹಾದುಹೋಯಿತು, ಕಿಟಕಿಯಲ್ಲಿ ಕಾಲೇಜು ಹುಡುಗಿಯರು, ಒಬ್ಬಳ ಜಡೆ ಇನ್ನೊಬ್ಬಳ ಹೆಗಲ ಮೇಲೆ. ಕಾಲೇಜಿನ ದಿನಗಳಲ್ಲಿ ಒಮ್ಮೆ ಅವಳೂ ಹಾಗೆಯೇ ನಿಂತಿದ್ದಳು, ಗೆಳತಿಯರ ನಡುವೆ, ಕಂಬ ಹಿಡಿದು, ಟಿಕೆಟನ್ನು ಪುಸ್ತಕದಲ್ಲಿ ಇಟ್ಟೆನೋ ಕೈಯಲ್ಲೇ ಇತ್ತೋ, ಬಸ್ಸು ನಿಲ್ಲದ ಕಡೆ ನಿಂತಿತು, ಅಪ್ಪ ಹತ್ತಿದ. ಗೆಳತಿಯರು ಮೊಣಕೈಯಲ್ಲಿ ತಿವಿದರು, ನಿಮ್ಮಪ್ಪ ಕಣೇ. ಅಪ್ಪ ಒಬ್ಬೊಬ್ಬರನ್ನೇ ದಾಟಿ ಬಂದು ಅವಳ ಮುಂದೆಯೂ ಕೈ ಚಾಚಿದ. ಅವಳು ಪುಸ್ತಕ ಬಿಡಿಸಿದಳು, ಚೀಲ ತಡಕಿದಳು, ನೆಲ ನೋಡಿದಳು. ಟಿಕೆಟ್ ಕೊಟ್ಟ ಕಂಡಕ್ಟರು ಅಲ್ಲೇ ಇದ್ದ. ಅವಳು ಅವನ ಮುಖ ನೋಡಿದಳು, ಅವನು ಅಪ್ಪನ ಮುಖ ನೋಡಿ ಕಿಟಕಿಯ ಕಡೆ ತಿರುಗಿದ. ತಗೊಂಡಿದೀನಪ್ಪ ಎಂದು ಹೇಳಬೇಕಿತ್ತು. ಹೇಳಲಾಗಲಿಲ್ಲ. ಚಿಕ್ಕಂದಿನಿಂದ ಅವಳ ಮಾತು ಹಾಗೆಯೇ, ಬೇಕಾದಾಗ ಬರುವುದಿಲ್ಲ, ಗುಮ್ಮೆಂದು ಕೂರುವುದಕ್ಕೇ ಅಪ್ಪ ಅವಳಿಗೆ ಗುಮ್ಮಿ ಎಂದು ಹೆಸರಿಟ್ಟದ್ದು. ಅಪ್ಪ ಗುಮ್ಮಿ ಎನ್ನಲಿಲ್ಲ. ಯಾರೋ ಅಪರಿಚಿತಳಿಗೆ ಹೇಳುವಂತೆ, ತಗ್ಗಿದ ದನಿಯಲ್ಲಿ, ಇಳೀರಿ ಎಂದ. ಬಸ್ಸು ಹೊರಟ ಮೇಲೆ ಅವಳು ಬಿಸಿಲಿನಲ್ಲಿ ಮನೆಗೆ ನಡೆದಳು. ಆಮೇಲೆ ಆ ಕಥೆ ಅವಳಿಗಿಂತ ದೊಡ್ಡದಾಗಿ ಬೆಳೆಯಿತು: ಮಗಳನ್ನೂ ಬಿಡದವನು. ಡಿಪೋದಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದರು. ನಿವೃತ್ತಿಯ ದಿನ ದೊಡ್ಡ ಅಧಿಕಾರಿ ಮೈಕಿನಲ್ಲಿ ಹೇಳಿದಾಗ ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು, ಮುಂದಿನ ಸಾಲಿನಲ್ಲಿದ್ದ ಅವಳು ಸಹ ತಟ್ಟಿದಳು, ತಟ್ಟದಿದ್ದರೆ ಎಲ್ಲರೂ ನೋಡುತ್ತಾರೆಂದು. ಬೀರುವಿನಲ್ಲಿ ಆ ದಿನ ಕೊಟ್ಟ ಹಿತ್ತಾಳೆಯ ತಟ್ಟೆ ಇನ್ನೂ ಇದೆ. ಅಪ್ಪ ಒಂದು ಸಲವೂ ಕೇಳಲಿಲ್ಲ, ತಗೊಂಡಿದ್ಯಾ ಎಂದು. ಕೇಳಿದ್ದರೆ ಹೇಳುತ್ತಿದ್ದಳು. ಈಗಲೂ ಅವಳಿಗೆ ಬೇಕಾದದ್ದು ಅದೊಂದೇ: ಸಾಯುವ ಮುಂಚೆ ಅವನು ಕೇಳಬೇಕು, ಇವಳು ಹೌದು ಎನ್ನಬೇಕು, ಅವನು ನಂಬಬೇಕು. ಸಾಯುವವನ ಹತ್ತಿರ ಇಷ್ಟು ಚಿಲ್ಲರೆ ಸಂಗತಿಗಾಗಿ ಕಾದು ಕೂತಿರುವ ಮಗಳು ಇನ್ನೆಲ್ಲಾದರೂ ಇರಬಹುದೇ ಎಂದು ನಾಚಿಕೆಯೂ ಆಗುತ್ತಿತ್ತು.

ಹಿತ್ತಲಿನ ಚಿಲಕ ಸದ್ದಾಗದ ಹಾಗೆ ತೆಗೆದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅತ್ತಿಗೆ ಮಗುವನ್ನು ಶಾಲೆಯಿಂದ ಕರೆತರಲು ಹೋಗಿರುವ ಹೊತ್ತು, ಅಣ್ಣ ಸಂಜೆಗೇ ಬರುವವನು. ನೀರಿನ ಪಾತ್ರೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಲೋಟ, ಒಂದು ನೊಣ ಲೋಟದ ಅಂಚು ಸುತ್ತುತ್ತಿತ್ತು. ಏನು ಕಾಣಬೇಕೆಂದು ಬಂದಿದ್ದಳೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ನರ್ಸಮ್ಮ ಕಾಲು ಚಾಚಿ ಫೋನು ನೋಡುತ್ತಿರಬೇಕು, ಅಪ್ಪ ಒದ್ದೆಯಲ್ಲಿ ಮಲಗಿರಬೇಕು, ಆಗ ಇವಳು ಬಾಗಿಲಲ್ಲಿ ನಿಲ್ಲಬೇಕು. ಅಪ್ಪ ಬಸ್ಸು ಹತ್ತುತ್ತಿದ್ದ ಹಾಗೆ. ಆ ಹೋಲಿಕೆ ಅವಳಿಗೆ ಹಿಡಿಸಲಿಲ್ಲ. ಅಪ್ಪನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಮಾತು ಕೇಳಿತು.

"ಗುಮ್ಮೀ."

ಅವಳ ಬೆನ್ನು ಗೋಡೆಗೆ ಅಂಟಿಕೊಂಡಿತು. ಬಂದದ್ದು ಗೊತ್ತಾಗಿಹೋಯಿತು ಎಂದುಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದಲೇ ಉತ್ತರ ಬಂತು.

"ಹೂಂ ಅಪ್ಪ. ಇಲ್ಲೇ ಇದೀನಿ."

ನರ್ಸಮ್ಮನ ದನಿ. ಅನುಕರಣೆ ಏನಿಲ್ಲ, ಅವಳದೇ ಬೆಚ್ಚನೆಯ ದಪ್ಪ ದನಿ.

"ಆವತ್ತು ಬಸ್ಸಲ್ಲಿ..." ಅಪ್ಪನ ಮಾತು ಒಂದೊಂದಾಗಿ ಬರುತ್ತಿತ್ತು, ನಡುವೆ ಉಸಿರು. "ನಾನು ನಿನ್ನ ಇಳಿಸಿದ್ದು. ಟಿಕೆಟ್ ತಗೊಂಡಿದ್ಯಾ ನೀನು?"

ಗೋಡೆಯ ಸುಣ್ಣ ಅವಳ ಅಂಗೈಗೆ ಹತ್ತುತ್ತಿತ್ತು. ಹೋಗು, ಎಂದುಕೊಂಡಳು, ಈಗ ಹೋಗು, ಎರಡು ಹೆಜ್ಜೆ. ಕಾಲು ಬಸ್ಸಿನ ಕಂಬದ ಹತ್ತಿರವೇ ಇದ್ದ ಹಾಗೆ ಇತ್ತು.

"ಇಲ್ಲಪ್ಪ," ಎಂದಳು ನರ್ಸಮ್ಮ. "ತಗೊಂಡಿರ್ಲಿಲ್ಲ. ನೀವು ಮಾಡಿದ್ದು ಸರೀನೇ ಇತ್ತು. ತಲೆ ಕೆಡಿಸ್ಕೋಬೇಡಿ, ಮಲಗಿ."

ಅವಳು ಅಡುಗೆಮನೆಗೆ ಹಿಂದಿರುಗಿದ್ದು ಹೇಗೆಂದು ನೆನಪಿಲ್ಲ. ಚಪ್ಪಲಿ ಇನ್ನೂ ಕೈಯಲ್ಲಿತ್ತು, ಅದನ್ನು ತೊಳೆದ ಪಾತ್ರೆಗಳ ಪಕ್ಕದಲ್ಲಿ ಇಟ್ಟಳು. ನರ್ಸಮ್ಮ ಕೊನೆಗೂ ಸಿಕ್ಕಿಬಿದ್ದಳು ಎಂದು ಮೊದಲು ಅನ್ನಿಸಿತು, ಮತ್ತು ಸಿಕ್ಕಿಬಿದ್ದವಳು ತಾನೇ ಎಂದು ಆಮೇಲೆ. ತಾನು ಮಾಡದ ತಪ್ಪನ್ನು ತನ್ನದೇ ಮನೆಯಲ್ಲಿ, ತನ್ನ ಹೆಸರಿಗೆ ಓಗೊಟ್ಟು, ಯಾರೋ ಒಪ್ಪಿಕೊಂಡಾಗಿತ್ತು. ಅಪ್ಪ ಕೇಳಿಯೂ ಆಯಿತು. ಇನ್ನು ಅವನು ಕೇಳುವುದಿಲ್ಲ. ಅನುಮಾನ ಬಗೆಹರಿದ ಮೇಲೆ ಅಪ್ಪ ಮುಂದಿನ ಸೀಟಿಗೆ ಹೋಗುತ್ತಿದ್ದ, ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಎಷ್ಟು ದಿನದಿಂದ ಈ ಹೆಂಗಸು ತನ್ನ ಬದಲಿಗೆ ಮಾತಾಡುತ್ತಿದ್ದಾಳೆ, ಏನೇನು ಒಪ್ಪಿಕೊಂಡಿದ್ದಾಳೆ, ಏನೇನು ಮಾತು ಕೊಟ್ಟಿದ್ದಾಳೆ. ಅಪ್ಪ ಇತ್ತೀಚೆಗೆ ತನ್ನನ್ನು ಕಂಡಾಗ ಮಾತಾಡದೆ ತಲೆಯಾಡಿಸುತ್ತಿದ್ದದ್ದು, ಮಾತೆಲ್ಲ ಆಗಲೇ ಮುಗಿದಿದೆ ಎಂಬಂತೆ, ಅದಕ್ಕೇ ಇರಬೇಕು.

ನೀರು ಬಿಸಿ ಮಾಡಲೆಂದು ಬೋಗುಣಿ ಹಿಡಿದು ಬಂದ ನರ್ಸಮ್ಮ ಬಾಗಿಲಲ್ಲೇ ನಿಂತಳು. ಅವಳನ್ನು ನೋಡಿದಳು, ಪಾತ್ರೆಗಳ ಪಕ್ಕದ ಚಪ್ಪಲಿ ನೋಡಿದಳು.

"ಬೇಗ ಬಂದ್ರಾ. ಮೈಗೆ ಹುಷಾರಿಲ್ವಾ?"

"ನಾನು ತಗೊಂಡಿದ್ದೆ."

"ಏನು?"

"ಟಿಕೆಟ್." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನು ಟಿಕೆಟ್ ತಗೊಂಡಿದ್ದೆ. ನಿಮಗೆ ಯಾರು ಹೇಳಿದ್ದು ತಗೊಂಡಿರ್ಲಿಲ್ಲ ಅಂತ? ನನ್ನ ಹೆಸರಲ್ಲಿ ಮಾತಾಡಿ ಅಂತ ಯಾರು ಹೇಳಿದ್ದು ನಿಮಗೆ?"

ನರ್ಸಮ್ಮ ಬೋಗುಣಿಯನ್ನು ಕೆಳಗಿಟ್ಟಳು. ಮೊದಲ ಬಾರಿಗೆ ಅವಳ ಮುಖದಲ್ಲಿ ಏನೋ ಎಳೆ ತಪ್ಪಿದ್ದು ಕಾಣಿಸಿತು. ಸ್ಟೂಲು ಎಳೆದು ಕೂತಳು, ಕೂರಲು ಯಾರನ್ನೂ ಕೇಳಲಿಲ್ಲ.

"ಯಾರನ್ನ ಕರೀತಾರೋ ಅವರಾಗ್ತೀನಮ್ಮ ನಾನು. ಈ ಔಷಧಿ ಹಾಗೆ, ಎದುರಿಗಿರೋರು ಯಾರು ಅಂತ ತಿಳಿಯಲ್ಲ ಅವರಿಗೆ. ನಾನು ಅವಳಲ್ಲ, ಅವಳು ಮನೇಲಿಲ್ಲ ಅಂದ್ರೆ ಹೆದರ್ತಾರೆ, ಹುಡುಕ್ತಾರೆ. ಒಂದ್ ಮನೇಲಿ ಹೆಂಡ್ತಿ ಆಗಿದ್ದೆ. ಇನ್ನೊಂದ್ ಮನೇಲಿ ಪೋಸ್ಟ್‌ಮ್ಯಾನ್. ದಿನಾ ಬೈಸ್ಕೋತಿದ್ದೆ, ಕಾಗದ ಯಾಕೆ ತರ್ಲಿಲ್ಲ ಅಂತ." ನಗಲು ಹೋಗಿ ನಿಲ್ಲಿಸಿದಳು. "ಹೂಂ, ಇಲ್ಲೇ ಇದೀನಿ ಅನ್ನೋದು ಬೇರೆ. ಇದನ್ನ ನಾನು ಹೇಳ್ಬಾರ್ದಿತ್ತು. ತಗೊಂಡಿದ್ದೆ ಅಂದ್ರೆ, ಮಗಳಿಗೆ ಅನ್ಯಾಯ ಮಾಡ್ದೆ ಅಂತ ಕೊರಗ್ತಾ ಹೋಗ್ತಾರಲ್ಲ ಅನ್ನಿಸ್ತು. ಅವರನ್ನ ನೋಡ್ದೆ. ನಿಮ್ಮನ್ನ ನೋಡ್ಲಿಲ್ಲ."

"ಕೊರಗಲಿ."

ಹೇಳಿದ ಮೇಲೆ ಆ ಮಾತು ಅಡುಗೆಮನೆಯಲ್ಲೇ ನಿಂತುಬಿಟ್ಟಿತು. ನರ್ಸಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲವೆಂಬಂತೆ ನಟಿಸಲಿಲ್ಲ, ಛೇ ಎನ್ನಲೂ ಇಲ್ಲ. ಗೋಣು ಹಾಕಿದಳು ಅಷ್ಟೇ, ಎಲ್ಲಿ ನೋವು ಎಂದು ಕೇಳಿದಾಗ ಇಲ್ಲಿ ಎಂದು ರೋಗಿ ತೋರಿಸಿದರೆ ಹಾಕುವಂತೆ. ಇದೂ ಇವಳ ಕಸುಬೇ ಇರಬೇಕು ಎಂದುಕೊಂಡಳು. ಮನೆಯವರನ್ನು ಹೀಗೆ ಸಂಭಾಳಿಸಬೇಕೆಂದು ಎಲ್ಲೋ ಕಲಿಸಿರುತ್ತಾರೆ.

"ನಿನ್ನೆಯಿಂದ ನಿಮ್ಮನ್ನೇ ಕರೀತಿದಾರೆ," ಎಂದಳು ನರ್ಸಮ್ಮ. "ನಿನ್ನೆ ಸಂಜೆ ನೀವು ಬಂದಾಗ ಹೇಳ್ದೆ, ಅಪ್ಪ ಏನೋ ಕೇಳ್ಬೇಕಂತೆ ಅಂತ. ನೀವು ಬಾಟಲಿ ನೋಡ್ತಿದ್ರಿ."

ಹೇಳಿದ್ದಳು. ಹೂಂ ಎಂದಿದ್ದಳು ಇವಳು, ಬಾಟಲಿಯನ್ನು ಇನ್ನಷ್ಟು ಬೆಳಕಿಗೆ ಹಿಡಿದು. ನೆನಪಾದದ್ದೇ ಕಿವಿ ಬಿಸಿಯಾಯಿತು. ಪಾತ್ರೆಗಳ ಪಕ್ಕದಿಂದ ಚಪ್ಪಲಿ ತೆಗೆದು ಕೆಳಗೆ ಹಾಕಿದಳು, ಏನಾದರೂ ಮಾಡಬೇಕಲ್ಲ ಎಂದು.

"ನಾನೇ ಹೋಗಿ ಹೇಳ್ಲಾ? ಉತ್ತರ ಕೊಟ್ಟಿದ್ದು ಗುಮ್ಮಿ ಅಲ್ಲ, ನಾನು ಅಂತ. ಬೈದ್ರೆ ಬೈಸ್ಕೋತೀನಿ."

ಒಪ್ಪಿಕೊಳ್ಳಬಹುದಿತ್ತು. ಆದರೆ ಇವಳ ಬಾಯಿಂದ ಇನ್ನೊಂದು ಮಾತು ಅಪ್ಪನ ಕಿವಿಗೆ ಹೋಗುವುದು ಬೇಡವೆನ್ನಿಸಿತು. ಈ ಹೆಂಗಸು ಏನನ್ನು ಹೇಗೆ ಮೃದು ಮಾಡಿ ಹೇಳುತ್ತಾಳೋ. ಬೇಡ ಎಂದಳು. ಒಳಗಿನಿಂದ ಕೆಮ್ಮು ಕೇಳಿತು, ಮಂಚದ ಕಬ್ಬಿಣಕ್ಕೆ ಅಪ್ಪನ ಉಂಗುರ ತಗುಲಿದ ಸದ್ದು. ನರ್ಸಮ್ಮ ಏಳಲು ಹೋದವಳು ಮತ್ತೆ ಕೂತಳು. "ನೀವು ಹೋಗಿ. ತಲೆ ಸ್ವಲ್ಪ ಎತ್ತಿ ಹಿಡಿದ್ರೆ ಕೆಮ್ಮು ನಿಲ್ಲುತ್ತೆ. ನಾನು ಬರಲ್ಲ. ಏನಾದ್ರೂ ಬೇಕಾದ್ರೆ ಕೂಗಿ, ಇಲ್ಲೇ ಇರ್ತೀನಿ."

ಕೋಣೆಯಲ್ಲಿ ಪರದೆ ಎಳೆದಿತ್ತು, ಬೆಳಕು ಚಹಾದ ಬಣ್ಣಕ್ಕಿತ್ತು. ಅಪ್ಪನ ಮುಖ, ಕಣ್ಣಿನ ಬಿಳಿ, ಉಗುರು, ಎಲ್ಲ ಅದೇ ಬಣ್ಣ. ಅವಳು ಕತ್ತಿನ ಕೆಳಗೆ ಕೈ ಹಾಕಿ ತಲೆ ಎತ್ತಿದಳು. ಇಷ್ಟು ಹಗುರವಿರುತ್ತದೆಂದು ತಿಳಿದಿರಲಿಲ್ಲ. ಬಲ ಹಾಕಿ ಎತ್ತಿದ್ದರಿಂದ ತಲೆ ಬೇಕಾದದ್ದಕ್ಕಿಂತ ಮೇಲೆ ಬಂದು ಅವಳ ಎದೆಗೆ ತಾಗಿತು. ಕೆಮ್ಮು ನಿಂತಿತು. ಅಪ್ಪನ ಕಣ್ಣು ಮುಚ್ಚಿಯೇ ಇತ್ತು. ಅಪ್ಪ, ನಾನು ತಗೊಂಡಿದ್ದೆ. ಮೂರೇ ಮಾತು. ನಾಲಿಗೆಯ ಮೇಲೆ ಜೋಡಿಸಿಕೊಂಡಳು.

"ಸಿಸ್ಟರಾ?" ಎಂದ ಅಪ್ಪ.

ಜೋಡಿಸಿದ್ದು ಚದುರಿತು. ಅವಳು ಸುಮ್ಮನಿದ್ದಳು. ಸುಮ್ಮನಿದ್ದದ್ದನ್ನು ಅವನು ಹೌದೆಂದು ತೆಗೆದುಕೊಂಡ.

"ಮಗಳು ಬಂದಿದ್ಲು ಈಗ. ಕೇಳಿಸ್ಕೊಂಡ್ರಾ?"

"ಹೂಂ."

"ಸುಳ್ಳು ಹೇಳಿದ್ಲು." ಅವನ ತುಟಿ ಒಂದು ಕಡೆಗೆ ಎಳೆಯಿತು, ನಗುವೋ ನೋವೋ. "ಟಿಕೆಟ್ ತಗೊಂಡಿರ್ಲಿಲ್ಲ ಅಂತಾಳೆ. ತಗೊಂಡಿದ್ಲು ಅವಳು. ಆವತ್ತು ಸಂಜೇನೇ ಕಂಡಕ್ಟರ್ ಬಂದು ಹೇಳ್ದ, ನಾನೇ ಕೊಟ್ಟಿದ್ದೆ ಸಾರ್, ಹೆದರ್ಕೊಂಡು ಬಾಯಿ ಬಿಡ್ಲಿಲ್ಲ ಅಂತ."

ಅವನ ತಲೆ ಅವಳ ಅಂಗೈಯಲ್ಲಿತ್ತು. ಕೂದಲಿನ ಕೆಳಗೆ ಬೆವರು, ಬೆವರಿನ ಕೆಳಗೆ ಎಲುಬು. ಕೈ ತೆಗೆದುಬಿಡಬಹುದು ಎಂದು ಅನ್ನಿಸಿತು, ತಲೆ ದಿಂಬಿನ ಮೇಲೆ ದೊಪ್ಪೆಂದು ಬೀಳುತ್ತದೆ. ತೆಗೆಯಲಿಲ್ಲ. ದನಿ ಯಾರದೋ ಎಂಬಂತೆ ಹೊರಗೆ ಬಂತು: "ಮತ್ತೆ ಅವಳಿಗ್ಯಾಕೆ ಹೇಳ್ಲಿಲ್ಲ ನೀವು?"

ಅಪ್ಪ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. "ಅಷ್ಟೊತ್ತಿಗೆ ಎಲ್ರೂ ಭೇಷ್ ಅಂದ್ಬಿಟ್ಟಿದ್ರು."

ಹೊರಗೆ ಯಾರೋ ಸೈಕಲ್ ನಿಲ್ಲಿಸಿ ಹೋದರು. ಅಪ್ಪ ಮುಂದುವರಿಸಿದ, ಈಗ ಇನ್ನೂ ಮೆಲ್ಲಗೆ. ತಗೊಂಡಿದ್ದೆ ಅಂದಿದ್ರೆ, ಹೌದು ನಂಗೊತ್ತಿತ್ತು ಅಂತ ಹೇಳೋಣ ಅಂತಿದ್ದೆ. ಇಲ್ಲ ಅಂದ್ಬಿಟ್ಲು. ನಂಗೆ ನಾಚಿಕೆ ಆಗ್ಬಾರ್ದು ಅಂತ. ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತೋ, ನನ್ನ ಹತ್ರ ಇಲ್ದೇ ಇರೋದು. ಅವಳು ಕೇಳುತ್ತಿದ್ದಳು. ಆ ಮನಸ್ಸು ಅವಳದಲ್ಲ, ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿರುವವಳದು. ಅವಳ ಬಳಿ ಇದ್ದದ್ದು ಕೊರಗಲಿ ಎಂಬ ಮಾತು. ಈಗ ಗುಮ್ಮಿ ನಾನೇ ಎಂದರೆ ಅವಳಿಗೆ ಬೇಕಾದದ್ದು ಸಿಗುತ್ತದೆ, ಅವನ ಬಾಯಿಂದಲೇ, ಅವಳ ಹೆಸರು ಹಿಡಿದು. ಅವನಿಗೆ ಸಿಕ್ಕಿದ್ದು ಹೋಗುತ್ತದೆ. ಮಗಳು ಬಂದಿರಲಿಲ್ಲ, ದೊಡ್ಡ ಮನಸ್ಸು ಮಾಡಿರಲಿಲ್ಲ, ಗೋಡೆಯ ಆಚೆ ಚಪ್ಪಲಿ ಹಿಡಿದು ನಿಂತಿದ್ದಳು.

"ಅವಳಿಗೆ ನಿಮ್ಮ ಮೇಲೆ ಕೋಪ ಇದೆ," ಎಂದಳು. ಇಷ್ಟು ವರ್ಷ ಎಲ್ಲಿತ್ತೋ, ಸಲೀಸಾಗಿ ಬಂತು, ಬೇರೆಯವರ ವಿಷಯದ ಹಾಗೆ. "ಇನ್ನೂ ಇದೆ."

"ಇರ್ಲಿ," ಎಂದ ಅಪ್ಪ. "ಇರೋದೇ ಸರಿ." ಆಮೇಲೆ, "ನಂಗೊತ್ತು ಅಂತ ಅವಳಿಗೆ ಹೇಳ್ಬೇಡಿ. ಅವಳು ಕೊಟ್ಟಿದ್ದು ಕೊಟ್ಟ ಹಾಗೇ ಇರ್ಲಿ."

"ಹೇಳಲ್ಲ."

ರೆಪ್ಪೆಗಳ ನಡುವೆ ಎಳೆಯಷ್ಟು ಬಿಳಿ ಕಂಡ ಹಾಗಾಯಿತು. ಕಿಟಕಿಯ ಪಕ್ಕದ ಸೀಟಿನಲ್ಲಿ ನಿದ್ದೆ ಬಂದವನ ಹಾಗೆ ಕೂತು, ಅರೆಗಣ್ಣಿನಲ್ಲಿ ಇಡೀ ಬಸ್ಸನ್ನು ಓದುತ್ತಿದ್ದನಂತೆ ಇವನು. ಡಿಪೋದವರು ಅದನ್ನೂ ಕಥೆ ಮಾಡಿ ಹೇಳುತ್ತಿದ್ದರು. ತನ್ನ ದನಿ ಅವನಿಗೆ ಗೊತ್ತಿಲ್ಲವೇ. ಇಷ್ಟು ಮಾತು ಅವಳ ಮುಖ ನೋಡಿ ಹೇಳಲು ಆಗದವನು, ಇನ್ನೊಬ್ಬರಿಗೆ ಹೇಳಿದಂತೆ ಹೇಳಿದನೇ. ಅಥವಾ ಔಷಧಿಯೇ, ಬರೀ ಔಷಧಿ. ಬಗ್ಗಿ ರೆಪ್ಪೆಯ ಹತ್ತಿರ ಮುಖ ತಂದರೆ ತಿಳಿಯುತ್ತಿತ್ತು. ಕುಂದು ಹುಡುಕುವವಳಿಗೆ ಅದೇನು ದೊಡ್ಡ ಕೆಲಸವಲ್ಲ.

ಬಾಗಿಲಲ್ಲಿ ನರ್ಸಮ್ಮ ಬೋಗುಣಿ ಹಿಡಿದು ಬಂದು ನಿಂತಳು, ಹಬೆ ಅವಳ ಗಲ್ಲಕ್ಕೆ ಹೊಡೆಯುತ್ತಿತ್ತು. ಬರಲಾ ಎಂದು ಹುಬ್ಬಿನಲ್ಲೇ ಕೇಳಿದಳು. ಅವಳು ಬೇಡ ಎಂದು ತಲೆಯಾಡಿಸಿ, ಖಾಲಿ ಇದ್ದ ಕೈಯನ್ನು ಬೋಗುಣಿಗಾಗಿ ಚಾಚಿದಳು. ನರ್ಸಮ್ಮ ಅದನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟು, ಬಟ್ಟೆಯನ್ನು ಹಿಂಡಿ ಅವಳ ಕೈಗೆ ಕೊಟ್ಟು, ಬಂದಂತೆಯೇ ಹೋದಳು.

"ಅಪ್ಪ, ಈಗ ಮುಖ ಒರೆಸ್ತೀನಿ," ಎಂದಳು ಅವಳು.

"ಹೂಂ," ಎಂದ ಅಪ್ಪ.

ಹಣೆಯಿಂದ ಶುರುಮಾಡಿದಳು. ಕಣ್ಣಿನ ಹತ್ತಿರ ಬಂದಾಗ ತಾನೇ ಬೇರೆ ಕಡೆ ನೋಡುತ್ತ, ಬಟ್ಟೆಯನ್ನು ಎರಡೂ ರೆಪ್ಪೆಗಳ ಮೇಲೆ ಹಗುರವಾಗಿ ಎಳೆದಳು.